ಕೊನೆಯ ಮುನ್ನೂರು ಮೀಟರ್

ಇಂಡಿಯ ಲಿಂಬಿ ತೋಟಕ್ಕಾಗಲಿ, ಸಿಂದಗಿಯ ಕಬ್ಬಿಗಾಗಲಿ ಪರಿಚಯದವರು ಬೋರಿಗೆ ಮೋಟಾರು ಇಳಿಸುತ್ತಾರೆ ಅಂದರೆ, ಕೇಬಲ್ ತರಲು ನಾನೂ ಬರ್ತೀನಿ ಅಂತ ಹೊರಡುವುದು ನನ್ನ ಚಟ. ಮೋಟಾರು ಯಾವ ಕಂಪನಿಯದಿರಬೇಕು ಅಂತ ಕಟ್ಟೆಯ ಮೇಲೆ ತಾಸುಗಟ್ಟಲೆ ವಾದ ನಡೆಯುತ್ತದೆ. ಕೇಬಲ್ಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಅದೇ ಅನುಕೂಲ.

ಅಂಗಡಿಯಲ್ಲಿ ಸುರುಳಿ ಬಿಚ್ಚಿಸಿ, ತುದಿಯ ಸಿಪ್ಪೆ ಸುಲಿಸಿ ನೋಡಬೇಕು. ಕೆಂಪು, ಹಳದಿ, ನೀಲಿ ಮೂರೂ ಎಳೆ ಒಂದರ ಪಕ್ಕ ಒಂದು ಚಪ್ಪಟೆಯಾಗಿ ಮಲಗಿರುತ್ತವೆ. ಪೈಪಿಗೂ ಕೇಸಿಂಗಿಗೂ ನಡುವಿನ ಇಕ್ಕಟ್ಟಿನಲ್ಲಿ ಇಳಿಯಬೇಕಲ್ಲ. ತಾಮ್ರ ಹೊಸ ಕೊಡದ ಬಣ್ಣಕ್ಕಿರಬೇಕು. ಸಿಪ್ಪೆಯ ಮೇಲೆ ಐಎಸ್ 694 ಅಂತ ಅಚ್ಚಾಗಿದೆಯೋ ಇಲ್ಲವೋ, ಕನ್ನಡಕ ಏರಿಸಿ ಹುಡುಕುತ್ತೇನೆ.

ಆಮೇಲಿನ ಲೆಕ್ಕವೇ ನಿಜವಾದ ಸುಖ. ಐದು ಎಚ್‌ಪಿ ಮೋಟಾರು 9 ಆಂಪಿಯರ್ ಎಳೆಯುತ್ತದೆ ಅನ್ನಿ. ಸ್ಟಾರ್ಟರಿನಿಂದ ಮೋಟಾರಿಗೆ 300 ಮೀಟರ್. 2.5 ಚದರ ಎಂಎಂ ಕೇಬಲ್ ಹಾಕಿದರೆ ದಾರಿಯಲ್ಲೇ ಸುಮಾರು 30 ವೋಲ್ಟ್ ಕರಗುತ್ತದೆ. 4 ಆದರೆ 18, 6 ಆದರೆ 12. ನಾನು 415 ವೋಲ್ಟಿಗೆ ನೂರಕ್ಕೆ ಮೂರರ ಮೇಲೆ ಬಿಟ್ಟುಕೊಡುವವನಲ್ಲ, ಹಾಗಾಗಿ ಆರೇ. ಲೈನಿನ ತುದಿಯ ಹೊಲಕ್ಕೆ ವೋಲ್ಟೇಜು ಮೊದಲೇ ಬಳಲಿ ಬಂದಿರುತ್ತದೆ. ಅದು ಇಳಿದಷ್ಟೂ ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ, ಆಂಪಿಯರ್ ಹೆಚ್ಚಿದಷ್ಟೂ ಕೇಬಲ್ಲು ಇನ್ನಷ್ಟು ವೋಲ್ಟ್ ತಿನ್ನುತ್ತದೆ. ಕಡೆಗೆ ಉದ್ಧಾರವಾಗುವವನು ವೈಂಡಿಂಗ್ ಅಂಗಡಿಯವನು.

ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಸ್ಥಾವರವಿದೆ. ಅಲ್ಲಿನ ಕರೆಂಟನ್ನು 400 ಕಿಲೋವೋಲ್ಟಿಗೆ ಏರಿಸಿ ಕಳಿಸುವುದೂ ಇದೇ ಲೆಕ್ಕಕ್ಕೆ: ವೋಲ್ಟೇಜು ಏರಿದರೆ ಆಂಪಿಯರ್ ಇಳಿಯುತ್ತದೆ, ಆಂಪಿಯರ್ ಅರ್ಧವಾದರೆ ತಂತಿಯ ನಷ್ಟ ಕಾಲುಭಾಗಕ್ಕೆ ಬರುತ್ತದೆ. ನೂರಾರು ಕಿಲೋಮೀಟರಿಗೆ ಇಷ್ಟೆಲ್ಲ ಜೋಪಾನ ಮಾಡಿದ್ದನ್ನು ಕೊನೆಯ ಮುನ್ನೂರು ಮೀಟರಿನಲ್ಲಿ ನಾವು ಸಣ್ಣ ಕೇಬಲ್ಲಿಗೆ ಬಲಿಕೊಡುತ್ತೇವೆ!

ಹಾಗಂತ ಎಲ್ಲದಕ್ಕೂ ಆರೇ ಬೇಕೆಂಬ ಹಟವೇನಿಲ್ಲ. ಮುದ್ದೇಬಿಹಾಳದ ಕಡೆ ತೆರೆದ ಬಾವಿಗೆ ಸ್ಟಾರ್ಟರಿನಿಂದ 40 ಮೀಟರ್ ಇದ್ದರೆ ಅದೇ ಮೋಟಾರಿಗೆ 2.5 ಧಾರಾಳವಾಯಿತು, ಕರಗುವುದು ನಾಲ್ಕೇ ವೋಲ್ಟ್. ಉಳಿದ ರೊಕ್ಕದಲ್ಲಿ ಒಳ್ಳೆಯ ಟೇಪು ಕೊಳ್ಳಿ ಅನ್ನುತ್ತೇನೆ. ಮೋಟಾರಿನ ವೈರಿಗೆ ಕೇಬಲ್ ಕೂಡಿಸುವಾಗ ಮೂರು ಜಾಯಿಂಟೂ ಒಂದೇ ಕಡೆ ಬರದಂತೆ ಮೇಲೆ ಕೆಳಗೆ ಮಾಡಿ, ಮೊದಲು ರಬ್ಬರ್ ಟೇಪು, ಅದರ ಮೇಲೆ ಪಿವಿಸಿ ಸುತ್ತಬೇಕು. ಬಕೀಟಿನ ನೀರಿನಲ್ಲಿ ಜಾಯಿಂಟು ಮುಳುಗಿಸಿ, ಕರೆಂಟು ಸೋರುತ್ತದೋ ಅಂತ ಮೆಗ್ಗರ್ ಹಚ್ಚಿ ನೋಡುವ ತನಕ ನಾನು ಮೋಟಾರು ಇಳಿಸಗೊಡುವುದಿಲ್ಲ. ಅಷ್ಟರಲ್ಲಿ ಪೈಪಿನವರು ಬೈಯಲು ಶುರು ಮಾಡಿರುತ್ತಾರೆ.