ಉರುಳುವ ಮನೆ

ಮನುಷ್ಯನಿಗೆ ಎರಡು ಬಯಕೆಗಳುಂಟು. ಬೆಚ್ಚನೆಯ ಮನೆಯಲ್ಲಿ ನೆಮ್ಮದಿಯಿಂದಿರಬೇಕೆಂಬುದು ಒಂದು; ಕಾಣದ ಊರುಗಳನ್ನು ಕಾಣುತ್ತ ತಿರುಗಬೇಕೆಂಬುದು ಇನ್ನೊಂದು. ಇವೆರಡೂ ಒಂದಕ್ಕೊಂದು ವಿರುದ್ಧವಾದವು. ಮನೆ ಬಿಡದೆ ತಿರುಗಾಟವಿಲ್ಲ. ತಿರುಗುವವನಿಗೆ ಮನೆಯ ಸುಖವಿಲ್ಲ. ಈ ಎರಡನ್ನೂ ಒಂದೇ ಅಚ್ಚಿನ ಮೇಲೆ ಕೂರಿಸಲು ಮನುಷ್ಯನು ಬಹುಕಾಲದಿಂದ ಯತ್ನಿಸುತ್ತ ಬಂದಿದ್ದಾನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ಈ ಯತ್ನದ ಹಳೆಯ ರೂಪವೆಂದರೆ ಕಮಾನುಗಾಡಿ. ನಾಗಲಮಡಿಕೆಯ ಸುಬ್ರಹ್ಮಣ್ಯನ ಜಾತ್ರೆಗೋ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೋ ಹೊರಟ ಕುಟುಂಬಕ್ಕೆ ಆ ಗಾಡಿಯೇ ಮನೆಯಾಗಿತ್ತು. ಮೇಲಿನ ಕಮಾನು ಸೂರು. ಕೆಳಗೆ ಹಾಸಿದ ಹುಲ್ಲು ಹಾಸಿಗೆ. ಪಕ್ಕದಲ್ಲಿ ಹೂಡಿದ ಮೂರು ಕಲ್ಲುಗಳೇ ಅಡಿಗೆಯ ಒಲೆ. ಆದರೆ ಅಂಥ ಗಾಡಿಯನ್ನು ಹೊಡೆಯುವುದು ಸುಲಭದ ಕೆಲಸವಾಗಿರಲಿಲ್ಲ. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತಿತ್ತು. ಮುಂದಕ್ಕೆ ಹೆಚ್ಚಾದರೆ ಎತ್ತುಗಳ ಹೆಗಲು ಜಗ್ಗುತ್ತಿತ್ತು. ಆದುದರಿಂದ ಬಲ್ಲವನು ಹೊರಡುವ ಮೊದಲು ಹೇರಿನ ಹದ ನೋಡುತ್ತಿದ್ದನು; ಇಳಿಜಾರು ಬಂದಾಗ ಹಗ್ಗ ಬಿಗಿಹಿಡಿದು ಗಾಡಿಯನ್ನು ನಿಧಾನವಾಗಿ ಇಳಿಸುತ್ತಿದ್ದನು. ಅವನ ಕಣ್ಣು ದಾರಿಯ ಮೇಲಿದ್ದರೂ ಮನಸ್ಸು ಬೆನ್ನ ಹಿಂದಿನ ಭಾರದ ಮೇಲಿರುತ್ತಿತ್ತು.

ಇಂದು ಅದೇ ಬಯಕೆ ಮೋಟಾರು ವಾಹನದ ರೂಪವನ್ನು ತಾಳಿದೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹಗಳನ್ನೆಲ್ಲ ಒಳಗೊಂಡ ಈ ವಾಹನವನ್ನು ಕ್ಯಾರವಾನ್ ಎಂದೂ ಮೋಟಾರು ಮನೆಯೆಂದೂ ಕರೆಯುತ್ತಾರೆ. ಯೂರೋಪು, ಅಮೆರಿಕಗಳಲ್ಲಿ ಇದು ಬಹಳ ಹಿಂದಿನಿಂದಲೂ ಬಳಕೆಯಲ್ಲಿದೆ. ನಮ್ಮ ನೆರೆಯ ಕೇರಳ ರಾಜ್ಯವು 2021ರಲ್ಲಿ ಇಂಥ ವಾಹನಗಳ ಪ್ರವಾಸಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಕಾರನ್ನು ನಡೆಸಬಲ್ಲವನು ಇದನ್ನೂ ನಡೆಸಬಲ್ಲೆನೆಂದು ಭಾವಿಸುವುದು ಸಹಜ. ಆ ಭಾವನೆಯಲ್ಲಿಯೇ ಅಪಾಯದ ಬೀಜವಿದೆ.

ಪಾವಗಡದ ಕಡೆಯ ಕ್ಯಾತಗಾನಚೆರ್ಲಿನಂಥ ಹಳ್ಳಿಗೆ ಈ ಬಗೆಯ ವಾಹನವೊಂದು ಬಂದಿತೆಂದೂ, ಊರಿನ ಯುವಕನೊಬ್ಬನು ಅದನ್ನು ನಡೆಸಲು ಕಲಿಯುತ್ತಿರುವನೆಂದೂ ಭಾವಿಸೋಣ. ಒಳ್ಳೆಯ ಗುರುವಾದವನು ಮೊದಲ ದಿನ ಅವನ ಕೈಗೆ ಕೀಲಿಕೈಯನ್ನೇ ಕೊಡುವುದಿಲ್ಲ. ವಾಹನವನ್ನು ಒಂದು ಸುತ್ತು ಬಂದು ನೋಡೆನ್ನುತ್ತಾನೆ. ಅದರ ಉದ್ದವೆಷ್ಟು, ಅಗಲವೆಷ್ಟು, ಎತ್ತರವೆಷ್ಟು ಎಂಬುದನ್ನು ಅಳೆದು ಬರೆದು ಕಣ್ಣೆದುರಿಗೇ ಅಂಟಿಸಿಕೊಳ್ಳೆನ್ನುತ್ತಾನೆ. ಕಾರಿನಲ್ಲಿ ಕುಳಿತವನಿಗೆ ತಲೆಯ ಮೇಲೇನಿದೆಯೆಂಬ ಚಿಂತೆಯಿಲ್ಲ. ಮೂರು ಮೀಟರು ಎತ್ತರದ ವಾಹನಕ್ಕಾದರೋ ಹುಣಿಸೆ ಮರದ ಬಾಗಿದ ಕೊಂಬೆ, ಜೋತುಬಿದ್ದ ವಿದ್ಯುತ್ ತಂತಿ, ರೈಲುಹಳಿಯ ಕೆಳಸೇತುವೆ ಎಲ್ಲವೂ ಅಡ್ಡಿಯೇ.

ಎರಡನೆಯ ಪಾಠ ತಿರುವಿನದು. ಬಯಲಿನಲ್ಲಿ ಒಂದೆರಡು ಖಾಲಿ ಡಬ್ಬಗಳನ್ನಿಟ್ಟು ಇದನ್ನು ಅಭ್ಯಾಸ ಮಾಡಬೇಕು. ಉದ್ದನೆಯ ವಾಹನ ತಿರುಗುವಾಗ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿನಲ್ಲಿಯೇ ಬರುವುದಿಲ್ಲ. ಅವು ತಿರುವಿನ ಒಳಗಡೆಗೆ ಸರಿಯುತ್ತವೆ. ಹಿಂದಿನ ಗಾಲಿಗಳಿಂದಾಚೆಗೆ ಚಾಚಿಕೊಂಡಿರುವ ಬಾಲದ ಭಾಗವು ಹೊರಗಡೆಗೆ ಬೀಸುತ್ತದೆ. ಮುಂಭಾಗ ಸಲೀಸಾಗಿ ದಾಟಿತೆಂದು ಚಾಲಕನು ಹಿಗ್ಗುತ್ತಿರುವಾಗಲೇ ಹಿಂದೆ ಡಬ್ಬ ಉರುಳಿರುತ್ತದೆ. ಅದು ಡಬ್ಬವಾದುದರಿಂದ ನಷ್ಟವಿಲ್ಲ. ಊರೊಳಗಿನ ತಿರುವಿನಲ್ಲಿ ಆ ಜಾಗದಲ್ಲಿ ಸೈಕಲ್ಲಿನ ಬಾಲಕನಿರಬಹುದು. ನೀರು ತರುವ ಹೆಂಗಸಿರಬಹುದು. ಕನ್ನಡಿಗಳಿಗೂ ಕಾಣದ ಮೂಲೆಗಳು ವಾಹನದ ಸುತ್ತ ಇದ್ದೇ ಇರುತ್ತವೆ.

ಮೂರನೆಯದು ಭಾರದ ಪಾಠ; ಎಲ್ಲಕ್ಕಿಂತಲೂ ಮುಖ್ಯವಾದುದು. ಕನ್ನಡದಲ್ಲಿ ಗಾಲಿ ತಿರುಗುತ್ತ ಮುಂದೆ ಸಾಗುವುದಕ್ಕೂ ‘ಉರುಳು’ ಎನ್ನುತ್ತೇವೆ. ವಾಹನ ಮಗುಚಿ ಬೀಳುವುದಕ್ಕೂ ‘ಉರುಳು’ ಎನ್ನುತ್ತೇವೆ. ಈ ಎರಡು ಅರ್ಥಗಳ ನಡುವಿನ ಅಂತರ ಬಹಳ ಕಿರಿದು. ಎತ್ತರದ ವಾಹನದ ಗುರುತ್ವಕೇಂದ್ರ ಮೇಲಿರುತ್ತದೆ. ಭಾರದ ವಸ್ತುಗಳನ್ನು ಮೇಲಿಟ್ಟರೆ ಅದು ಇನ್ನೂ ಮೇಲೇರುತ್ತದೆ. ತಿರುವಿನಲ್ಲಿ ವೇಗವಾಗಿ ಹೋದಾಗ ವಾಹನ ಹೊರಗಡೆಗೆ ವಾಲುವುದು ಇದರಿಂದಲೇ. ಆದ್ದರಿಂದ ಅಕ್ಕಿಯ ಚೀಲ, ಪಾತ್ರೆಗಳ ಪೆಟ್ಟಿಗೆ ನೆಲದ ಮೇಲಿರಬೇಕು, ಬಟ್ಟೆಬರೆ ಮೇಲಿರಬಹುದು. ನೂರು ಲೀಟರು ನೀರೆಂದರೆ ನೂರು ಕಿಲೋಗ್ರಾಂ ಭಾರ. ಅರೆ ತುಂಬಿದ ತೊಟ್ಟಿಯ ನೀರು ತಿರುವಿನಲ್ಲಿ ಒಂದು ಬದಿಗೆ ನುಗ್ಗಿ ವಾಹನವನ್ನು ಜಗ್ಗುತ್ತದೆ.

ಇದು ಪುಸ್ತಕದ ಮಾತು ಮಾತ್ರವಲ್ಲವೆಂಬುದನ್ನು ಪಾವಗಡ ಸೀಮೆಯ ಜನರಿಗೆ ಬೇರೆ ಹೇಳಬೇಕಾಗಿಲ್ಲ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟಿದ್ದ ಖಾಸಗಿ ಬಸ್ಸೊಂದು ಪಳವಳ್ಳಿಯ ಬಳಿ ಉರುಳಿತು. ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಹಲವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಓದಲೆಂದು ಹೊರಟಿದ್ದ ವಿದ್ಯಾರ್ಥಿಗಳೂ ಇದ್ದರು. ಎತ್ತರದ ವಾಹನವನ್ನು ಹಿಡಿಯುವ ಪ್ರತಿಯೊಬ್ಬನೂ ಆ ಮುಂಜಾನೆಯನ್ನು ನೆನೆಯಬೇಕು.

ಇನ್ನು ವೇಗದ ಮಾತು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿಯೇ ಅಷ್ಟು ದೂರ ಕಳೆದುಹೋಗಿರುತ್ತದೆ. ವೇಗ ಎರಡರಷ್ಟಾದರೆ, ಬ್ರೇಕು ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಸುಗ್ಗಿಯಲ್ಲಿ ರಾಗಿ, ಹುರುಳಿಯ ತೆನೆಗಳನ್ನು ರಸ್ತೆಯ ಮೇಲೆಯೇ ಹರಡಿರುವುದುಂಟು. ಸಂಜೆ ಕುರಿಗಳ ಹಿಂಡು ತಿರುವಿನಾಚೆ ಬರುತ್ತಿರುವುದುಂಟು. ದೇವರಾಯನದುರ್ಗದಂಥ ಬೆಟ್ಟದ ಹಾದಿಯಲ್ಲಿ ಇಳಿಯುವಾಗ ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು. ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಮನೆಯೆಂದ ಮೇಲೆ ಮನೆಯ ಜಾಗ್ರತೆಯೂ ಬೇಕು. ಹೊರಡುವ ಮುನ್ನ ಅನಿಲದ ಸಿಲಿಂಡರನ್ನು ಮುಚ್ಚಬೇಕು. ಕಪಾಟುಗಳ ಚಿಲಕ ಹಾಕಬೇಕು. ಚಲಿಸುವಾಗ ಯಾರೂ ಹಾಸಿಗೆಯ ಮೇಲೆ ಮಲಗಬಾರದು. ಎಲ್ಲರೂ ಪಟ್ಟಿ ಕಟ್ಟಿ ಕುಳಿತಿರಬೇಕು. ಹಿಂದಕ್ಕೆ ಚಲಿಸುವಾಗ ಒಬ್ಬರು ಇಳಿದು, ಚಾಲಕನ ಕನ್ನಡಿಗೆ ಕಾಣುವಂತೆ ನಿಂತು, ದಾರಿ ತೋರಿಸಬೇಕು. ಲಾರಿಯ ಕ್ಲೀನರ್ ಹುಡುಗ ‘ಬರಲಿ, ಬರಲಿ’ ಎಂದು ಕೂಗುವುದನ್ನು ಎಲ್ಲರೂ ಕೇಳಿದ್ದಾರೆ. ಎಷ್ಟೋ ವರ್ಷ ಲಾರಿ ನಡೆಸಿದ ಚಾಲಕನೂ ಆ ಹುಡುಗನ ಮಾತಿಗೆ ಕಿವಿಗೊಡುತ್ತಾನೆ. ತನಗೆ ಕಾಣದುದನ್ನು ಇನ್ನೊಬ್ಬರಿಂದ ಕೇಳಿ ತಿಳಿಯುವುದರಲ್ಲಿ ಅವನಿಗೆ ಸಂಕೋಚವಿಲ್ಲ.

ಕಲಿಯಲು ವಯಸ್ಸೂ ಒಂದು ಅರ್ಹತೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಕಾರು ನಡೆಸಲು 18 ವರ್ಷ, ಸಾರಿಗೆ ವಾಹನ ನಡೆಸಲು 20 ವರ್ಷ ತುಂಬಿರಬೇಕು. ಹೊಲದ ಟ್ರ್ಯಾಕ್ಟರನ್ನು ಹದಿನಾಲ್ಕರ ಹುಡುಗರು ರಸ್ತೆಗೆ ತರುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ಹಾಗೆ ಮಾಡಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಅವರ ತಂದೆತಾಯಿಗಳೇ 25,000 ರೂಪಾಯಿ ದಂಡಕ್ಕೂ ಮೂರು ವರ್ಷದವರೆಗಿನ ಸೆರೆವಾಸಕ್ಕೂ ಗುರಿಯಾಗಬಹುದು. ಕಾಲು ಬ್ರೇಕಿಗೆ ಎಟುಕಿದ ಮಾತ್ರಕ್ಕೆ ಚಾಲಕನಾಗುವುದಿಲ್ಲ. ಕೈಯ ಬಲ ಬೇಗ ಬರುತ್ತದೆ. ವಿವೇಕ ತಡವಾಗಿ ಬರುತ್ತದೆ. ಕಾನೂನು ಕಾಯುತ್ತಿರುವುದು ಆ ವಿವೇಕಕ್ಕಾಗಿ.

ಯಂತ್ರ ಬದಲಾಯಿತು, ದಾರಿ ಬದಲಾಯಿತು. ಆದರೆ ಮೂಕಿಯ ಹದ ನೋಡುತ್ತಿದ್ದ ಗಾಡಿಯವನ ಎಚ್ಚರ ಇಂದಿಗೂ ಹಳತಾಗಿಲ್ಲ. ಚಾಲಕನ ಮುಂದಿರುವುದು ದಾರಿ ಮಾತ್ರ. ಅವನ ಹಿಂದೆ ಒಂದು ಸಂಸಾರವೇ ಇರುತ್ತದೆ. ಅವನನ್ನು ನಂಬಿ ಅಲ್ಲಿ ಮಕ್ಕಳು ನಗುತ್ತಿರುತ್ತಾರೆ, ವೃದ್ಧರು ತೂಕಡಿಸುತ್ತಿರುತ್ತಾರೆ. ಅವರೆಲ್ಲರನ್ನೂ ಕ್ಷೇಮವಾಗಿ ಊರು ಮುಟ್ಟಿಸಿದವನೇ ನಿಜವಾಗಿ ವಾಹನ ನಡೆಸಲು ಕಲಿತವನು.