ಅವ್ವನ ಕ್ಯಾಸೆಟ್ಟು, ಬೆರಳುದ್ದದ ಡ್ಯಾಕು

ಮೂರು ತಿಂಗಳ ಹಿಂದೆ ನನ್ನ ಹಳೇ ಫೋನು ಕೈಕೊಟ್ಟಿತು. ಹೊಸದು ತಂದೆ. ಮನೆಗೆ ಬಂದು ನೋಡಿದರೆ ಇಯರ್‌ಫೋನ್ ಚುಚ್ಚುವ ತೂತೇ ಇಲ್ಲ! 2016ರಲ್ಲಿ ಐಫೋನ್ 7 ಬಂದಾಗ ಆ ತೂತು ಮುಚ್ಚಿದ್ದಾರೆಂದು ಪೇಪರಿನಲ್ಲಿ ಓದಿ ನಕ್ಕಿದ್ದೆ. ಈಗ ನನ್ನ ಸರದಿ.

ಲೋಕಲ್ಲಿನಲ್ಲಿ ಹಾಡು ಕೇಳದೆ ಠಾಣೆಯಿಂದ ಆಫೀಸಿಗೆ ಹೋಗುವುದು ನನ್ನಿಂದಾಗದ ಕೆಲಸ. ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿ 100 ರೂಪಾಯಿಗೆ ಒಂದು ಕನೆಕ್ಟರ್ ಕೊಂಡೆ. ಚುಚ್ಚಿದರೆ ಸೊಲ್ಲೇ ಇಲ್ಲ. ಮಗಳಿಗೆ ಫೋನ್ ಮಾಡಿದೆ. ಅವಳು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. "ಅಪ್ಪಾ, ಅದು ಬರೀ ವಾಯರು. ನಿಮಗೆ ಒಳಗ ಡ್ಯಾಕ್ ಇರೋದು ಬೇಕು" ಅಂದಳು. ವಾರದೊಳಗೆ ಕೊರಿಯರಿನಲ್ಲಿ ಒಂದು ಡಬ್ಬಿ ಬಂತು. ಒಳಗೆ ಬೆರಳುದ್ದದ ಲೋಹದ ತುಂಡು, ಒಂದು ಕಡೆ ಫೋನಿಗೆ ಹಾಕುವ ಪಿನ್ನು, ಇನ್ನೊಂದು ಕಡೆ ನನ್ನ ಪ್ರೀತಿಯ ಆ ತೂತು. "ಮತ್ತೊಂದು ವಾಯರು ಬಂತೇನ್ರೀ?" ಎಂದು ನನ್ನವಳು ಅಡುಗೆಮನೆಯಿಂದಲೇ ಕೇಳಿದಳು.

ಈ ಡ್ಯಾಕ್ ಅಂದರೇನು? ನಾನು ಬಿಕಾಂ ಓದಿದವನು, ನನಗೆ ತಿಳಿದ ರೀತಿಯಲ್ಲೇ ಹೇಳುತ್ತೇನೆ. ಫೋನಿನೊಳಗೆ ಹಾಡು ಇರುವುದು ಅಂಕಿಗಳ ರೂಪದಲ್ಲಿ. ಸೀಡಿಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಸಲ ದನಿಯ ಏರಿಳಿತವನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಕೂರಿಸಿರುತ್ತಾರೆ. ಆದರೆ ಕಿವಿಗೆ ಅಂಕಿ ಕೇಳಿಸುವುದಿಲ್ಲವಲ್ಲ! ಅಂಕಿಯನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ತಿರುಗಿಸುವ ಯಂತ್ರವೇ ಡ್ಯಾಕು. ನಮ್ಮ ಬ್ಯಾಂಕಿನ ಪಾಸ್‌ಬುಕ್ ಪ್ರಿಂಟರ್ ಇದ್ದಂತೆ. ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇರುತ್ತದೆ. ರಿಬ್ಬನ್ ಮಾಸಿದ್ದರೆ ಗ್ರಾಹಕರಿಗೆ 3 ಯಾವುದು 8 ಯಾವುದು ತಿಳಿಯುವುದಿಲ್ಲ, ಕೌಂಟರಿಗೆ ಬಂದು ಜಗಳ ತೆಗೆಯುತ್ತಾರೆ. ಮಾತಾಡಲು, ಸ್ಪೀಕರ್ ನುಡಿಸಲು ಫೋನಿನೊಳಗೂ ಒಂದು ಡ್ಯಾಕ್ ಇದ್ದೇ ಇರುತ್ತದೆ. ಆದರೆ ತೂತು ತೆಗೆದುಹಾಕಿದ ಮೇಲೆ ಬಹಳಷ್ಟು ಫೋನುಗಳಲ್ಲಿ ಅದರ ದನಿ ವಾಯರಿಗೆ ಬರುವ ದಾರಿಯೇ ಇಲ್ಲ. ಆ 100 ರೂಪಾಯಿಯ ಕನೆಕ್ಟರ್ ಸುಮ್ಮನಿದ್ದದ್ದು ಅದಕ್ಕೇ. ಹೊರಗಿನ ಡ್ಯಾಕ್ ಫೋನಿನಿಂದ ಅಂಕಿಯನ್ನೇ ತೆಗೆದುಕೊಂಡು ತಾನೇ ದನಿ ಮಾಡುತ್ತದೆ. ಬ್ಲೂಟೂತ್ ಆದರೆ ದನಿಯನ್ನು ಸಾಮಾನ್ಯವಾಗಿ ಇನ್ನೊಮ್ಮೆ ಹಿಂಡಿ ಕಳಿಸುತ್ತದೆ, ವಾಯರಿನಲ್ಲಿ ಆ ತಾಪತ್ರಯವಿಲ್ಲ. ತೊಂದರೆಯೂ ಉಂಟು. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಇರುವ ಒಂದೇ ಕಂಡಿಯನ್ನು ಇದು ಹಿಡಿದುಕೊಂಡರೆ ಚಾರ್ಜಿಗೆ ಜಾಗವಿಲ್ಲ. ಕೆಲವು ಫೋನುಗಳಲ್ಲಿ ಸೆಟ್ಟಿಂಗಿಗೆ ಹೋಗಿ ಓಟಿಜಿ ಆನ್ ಮಾಡದಿದ್ದರೆ ಕೆಲಸವನ್ನೇ ಮಾಡುವುದಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಳೇ ಹೆಡ್‌ಫೋನ್ ಹುಡುಕಿ ತೆಗೆದು, ಡ್ಯಾಕಿಗೆ ಚುಚ್ಚಿ, ಅವ್ವನ ಫೈಲ್ ಹಾಕಿದೆ. 1995ರಲ್ಲಿ ಮಗಳು ಹುಟ್ಟಿದಾಗ ಅವ್ವ ಅಪ್ಪ ಧಾರವಾಡದಿಂದ ನಮ್ಮ ಡೊಂಬಿವಲಿಯ ಒಂದೇ ಕೋಣೆಯ ಮನೆಗೆ ಬಂದಿದ್ದರು. ಅವ್ವ ಕೂಸಿಗೆ ಜೋಗುಳ ಹಾಡುವಾಗ ನಾನು ಟೂ-ಇನ್-ಒನ್ನಿನಲ್ಲಿ ರೆಕಾರ್ಡ್ ಮಾಡಿದ್ದೆ. ಕೂಸಿನ ಅಳು, ಕುಕ್ಕರಿನ ಸೀಟಿ, ಕೊನೆಗೆ ಅವ್ವ "ಸಾಕ ಬಂದ್ ಮಾಡೋ, ಸೆಲ್ಲು ಯಾಕ ಖರ್ಚ ಮಾಡ್ತಿ" ಎಂದು ಬೈಯುವುದು, ಎಲ್ಲ ಅದರಲ್ಲಿದೆ. ಫೋನಿನ ಸ್ಪೀಕರಿನಲ್ಲಿ ನೂರಾರು ಸಲ ಕೇಳಿದ್ದೆ.

ಆದರೆ ಅವತ್ತು ಹಾಡಿನ ಹಿಂದೆ ಟಕ್, ಟಕ್ ಎಂದು ಮೆಲ್ಲನೆ ಒಂದು ಸದ್ದು ಕೇಳಿಸಿತು. ಮೊದಲು ಕ್ಯಾಸೆಟ್ಟಿನ ಗಲಾಟೆ ಅಂದುಕೊಂಡೆ. ಇನ್ನೊಮ್ಮೆ ಹಾಕಿದೆ. ಸದ್ದು ಹಾಡಿನ ಲಯಕ್ಕೆ ಸರಿಯಾಗಿ ಬೀಳುತ್ತಿದೆ. ಅಪ್ಪನ ತಪಕೀರಿನ ಡಬ್ಬಿ! ಹಾಡು ಕೇಳುವಾಗ ಅದರ ಮುಚ್ಚಳದ ಮೇಲೆ ಬೆರಳು ಬಡಿಯುವುದು ಅವರ ಚಾಳಿ. ಅಪ್ಪ ಆಗ ಕೋಣೆಯಲ್ಲಿದ್ದದ್ದೇ ನನಗೆ ಮರೆತುಹೋಗಿತ್ತು. ಅವರು 1998ರಲ್ಲಿ ಹೋದರು. ಅವರ ದನಿ ನಮ್ಮಲ್ಲಿ ಎಲ್ಲೂ ಇಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ. ಎರಡನೇ ಹಾಡು ಮುಗಿದ ಮೇಲೆ ಡಬ್ಬಿಯ ಸದ್ದು ನಿಲ್ಲುತ್ತದೆ. ಆಗ ಅವರು ಏನೋ ಅನ್ನುತ್ತಾರೆ. ಮೂರೋ ನಾಲ್ಕೋ ಶಬ್ದ. ಅವ್ವ ನಗುತ್ತಾಳೆ.

ಏನಂದರು? ಇಪ್ಪತ್ತು ಸಲ ಕೇಳಿದೆ. ದನಿ ಅಪ್ಪನದೇ, ಮಾತು ಮಾತ್ರ ಹಿಡಿಯಲಾಗುವುದಿಲ್ಲ.

ತಪ್ಪು ನನ್ನದು. 2006ರಲ್ಲಿ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿದವನು ನಾನೇ. ಜಾಗ ಉಳಿಸಬೇಕು ಎಂಬುದು ಬ್ಯಾಂಕಿನವನ ಬುದ್ಧಿ ನೋಡಿ. 60 ನಿಮಿಷದ ಕ್ಯಾಸೆಟ್ಟು ಸೀಡಿಯ ಗುಣಮಟ್ಟದಲ್ಲಿ ಸುಮಾರು 635 ಎಂಬಿ ಆಗುತ್ತದೆ. ನಾನು 64 ಕೆಬಿಪಿಎಸ್ ಎಂಪಿತ್ರೀ ಮಾಡಿ 29 ಎಂಬಿಗೆ ಇಳಿಸಿದೆ, ಅಂದರೆ ಇಪ್ಪತ್ತೆರಡರಲ್ಲಿ ಒಂದು ಪಾಲು. ಅಷ್ಟು ಹಿಂಡುವಾಗ ಯಂತ್ರ ಮೊದಲು ಕೈಹಾಕುವುದು ಮೇಲಿನ ಸಣ್ಣ ಸದ್ದುಗಳಿಗೆ. ಸ, ಶ, ತ, ಚ ಇಂಥ ಅಕ್ಷರಗಳು ಬೇರೆಬೇರೆಯಾಗಿ ಕೇಳಿಸುವುದು ಬಹುಪಾಲು ಅವುಗಳಿಂದಲೇ. ಮರುವರ್ಷ ಠಾಣೆಗೆ ಮನೆ ಬದಲಿಸುವಾಗ, ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಕ್ಯಾಸೆಟ್ಟುಗಳನ್ನೆಲ್ಲ ರದ್ದಿಯವನಿಗೆ ಕೊಟ್ಟೆ.

ಡ್ಯಾಕು ಎಷ್ಟೇ ದುಬಾರಿಯದಾದರೂ ಒಳಗಿಲ್ಲದ್ದನ್ನು ತಂದುಕೊಡುವುದಿಲ್ಲ. ಪೈಸೆಗಳನ್ನು ರೌಂಡ್ ಆಫ್ ಮಾಡಿ ಲೆಡ್ಜರಿಗೆ ಏರಿಸಿದ ಮೇಲೆ ಯಾವ ಪ್ರಿಂಟರ್ ತಾನೇ ಆ ಪೈಸೆ ತೋರಿಸೀತು?

ನಿಜ ಹೇಳಬೇಕೆಂದರೆ, ಡಬ್ಬಿಯ ಸದ್ದು ಕೇಳಿಸಿದ್ದಕ್ಕೆ ಪೂರ್ತಿ ಕ್ರೆಡಿಟ್ ಡ್ಯಾಕಿಗೆ ಕೊಡಲಾರೆ. ಕಿವಿ ಮುಚ್ಚುವ ಹೆಡ್‌ಫೋನಿಗೆ ಅರ್ಧ, ರಾತ್ರಿ ಒಂದು ಗಂಟೆಯ ನಿಶ್ಶಬ್ದಕ್ಕೆ ಸ್ವಲ್ಪ ಸಲ್ಲಬೇಕು. ನನ್ನ ಕಿವಿಗೂ ಐವತ್ತಾರು ವರ್ಷ. ವಯಸ್ಸಾದಂತೆ ಮೊದಲು ಹೋಗುವುದು ಅವೇ ಮೇಲಿನ ಸದ್ದುಗಳು. ಹಾಗಾಗಿ ಆ ಶನಿವಾರ ಮಗಳು ಬಂದಾಗ ಅವಳ ಎಳೇ ಕಿವಿಗೆ ಹೆಡ್‌ಫೋನ್ ಹಾಕಿದೆ. ತಾನು ಅಳುವುದನ್ನು ಕೇಳಿ ನಕ್ಕಳು. ಅಜ್ಜನ ಮಾತು ಬಂದಾಗ ಕಣ್ಣುಮುಚ್ಚಿ ಮೂರು ಸಲ ಕೇಳಿದಳು. "ಮೊದಲನೇದು 'ಕೂಸು' ಅಂದಂಗ ಆಗ್ತದ. ಮುಂದ ಗೊತ್ತಾಗವಲ್ದು" ಅಂದಳು. ಅವ್ವ ಇದ್ದಿದ್ದರೆ ಕೇಳಬಹುದಿತ್ತು. ಅವಳೂ 2011ರಲ್ಲಿ ಹೋದಳು.

ಆಮೇಲೆ ನನ್ನವಳೂ ಕೇಳಿದಳು. ಆ ಕೋಣೆಯಲ್ಲಿ ಅವತ್ತು ಇದ್ದವಳು ಅವಳು. ಬಹಳ ಹೊತ್ತು ಸುಮ್ಮನಿದ್ದು, "'ಕೂಸು ಮಲಗ್ತು, ನೀ ಹಾಡು' ಅಂದಿರಬೇಕು. ಮಾವನವರು ಹಂಗ ಅಂತಿದ್ರು" ಅಂದಳು. ಅವಳಿಗೂ ಖಾತ್ರಿ ಇಲ್ಲ. ನಾನು ಅದನ್ನೇ ನಂಬಿದ್ದೇನೆ, ಆದರೂ ದಿನಾ ರಾತ್ರಿ ಒಮ್ಮೆ ಹಾಕಿ ಕೇಳುತ್ತೇನೆ.

ನಿಮ್ಮ ಮನೆಯ ಅಟ್ಟದ ಮೇಲೆ ಇಂಥ ಕ್ಯಾಸೆಟ್ಟುಗಳಿದ್ದರೆ ಈ ಭಾನುವಾರವೇ ಕೆಳಗಿಳಿಸಿ. ಎಂಪಿತ್ರೀ ಬೇಡ, ವೇವ್ ಅಥವಾ ಫ್ಲ್ಯಾಕ್ ಮಾಡಿಡಿ. ಈಗ ಜಾಗಕ್ಕೇನೂ ಬರವಿಲ್ಲ. ಡ್ಯಾಕು ಬೇಕಾದರೆ ಆಮೇಲೆ ಕೊಳ್ಳಿ. ಏನೇ ಆಗಲಿ, ಕ್ಯಾಸೆಟ್ಟನ್ನು ಮಾತ್ರ ರದ್ದಿಗೆ ಹಾಕಬೇಡಿ.