ಹೋದದ್ದು ಮರಳಿ ಬರುವ ದಾರಿ

ನಮ್ಮ ಮಾತಿನಲ್ಲಿ ಕರೆಂಟಿಗೆ ಜೀವವಿದೆ. ಅದು ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ, ಒಮ್ಮೊಮ್ಮೆ ಮನುಷ್ಯನನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ನಾಲ್ಕು ಹನಿ ಮಳೆ ಬಿದ್ದರೆ ‘ಕರೆಂಟು ಹೋಯ್ತು’ ಎನ್ನುತ್ತೇವೆ. ಎಲ್ಲಿಗೆ ಹೋಯಿತು ಎಂದು ದೊಡ್ಡವರು ಕೇಳುವುದಿಲ್ಲ. ಮಕ್ಕಳು ಕೇಳುತ್ತಾರೆ.

ಹುಣಸಮಾರನಹಳ್ಳಿಯ ನನ್ನ ಮನೆಯ ವರಾಂಡಕ್ಕೆ ಭಾನುವಾರ ಬೆಳಿಗ್ಗೆ ಏಳೆಂಟು ಮಕ್ಕಳು ಪಾಠಕ್ಕೆ ಬರುತ್ತಾರೆ. ಬಳ್ಳಾರಿ ರಸ್ತೆಯ ಆಚೀಚೆ ಏಳುತ್ತಿರುವ ಕಟ್ಟಡಗಳಲ್ಲಿ ಗಾರೆ, ಕಂಬಿ, ಟೈಲ್ಸ್, ವೈರಿಂಗ್ ಕೆಲಸ ಮಾಡುವವರ ಮಕ್ಕಳೇ ಹೆಚ್ಚು. ಯಲಹಂಕದ ವಾಯುನೆಲೆಯಿಂದ ವಿಮಾನ ಎದ್ದರೆ ಪಾಠ ಅರ್ಧ ನಿಮಿಷ ನಿಲ್ಲುತ್ತದೆ. ಈ ವರ್ಷ ಅವರಿಗೆ ವಿಜ್ಞಾನದಲ್ಲಿ ವಿದ್ಯುತ್ ಮಂಡಲ ಬಂತು.

ಮಂಡಲ ಎಂಬ ಮಾತು ನನಗಿಷ್ಟ. ಸರ್ಕ್ಯೂಟ್ ಎಂದರೆ ಮಕ್ಕಳಿಗೆ ಒಡೆದ ರೇಡಿಯೋದೊಳಗಿನ ಹಸಿರು ಹಲಗೆ ನೆನಪಾಗುತ್ತದೆ. ಮಂಡಲ ಎಂದರೆ ಸುತ್ತು. ಹೊರಟಲ್ಲಿಗೇ ಬಂದು ಸೇರುವುದು. ಅರ್ಧ ಪಾಠ ಆ ಹೆಸರಿನಲ್ಲೇ ಇದೆ.

ಒಂದೂವರೆ ವೋಲ್ಟಿನ ಶೆಲ್ಲು, ಟಾರ್ಚಿನ ಬಲ್ಬು, ಒಂದು ತುಂಡು ತಂತಿ ಕೊಟ್ಟು ಸುಮ್ಮನೆ ಕೂತೆ. ಬಹುತೇಕ ಎಲ್ಲರೂ ತಂತಿಯ ಒಂದು ತುದಿಯನ್ನು ಶೆಲ್ಲಿಗೆ, ಇನ್ನೊಂದನ್ನು ಬಲ್ಬಿಗೆ ಮುಟ್ಟಿಸಿ ಕಾದರು. ನಲ್ಲಿಯಿಂದ ಬಿಂದಿಗೆಗೆ ನೀರು ಬೀಳುವಂತೆ ಕರೆಂಟು ಬಂದು ಬಲ್ಬಿನೊಳಗೆ ತುಂಬಿಕೊಳ್ಳಬೇಕು ಎಂಬುದು ಅವರ ಲೆಕ್ಕ. ಹತ್ತು ನಿಮಿಷದ ಮೇಲೆ ಒಬ್ಬಳು ಬಲ್ಬಿನ ತಳದ ಚುಕ್ಕೆಯನ್ನು ಶೆಲ್ಲಿನ ತಲೆಗೆ ಒತ್ತಿ, ಬಲ್ಬಿನ ಲೋಹದ ಮೈಯಿಂದ ಶೆಲ್ಲಿನ ತಳಕ್ಕೆ ತಂತಿ ಹಿಡಿದಳು. ಬೆಳಗಿತು. ಬಲ್ಬಿಗೆ ಬಾಗಿಲು ಎರಡು: ಒಂದು ಒಳಗೆ ಬರಲು, ಇನ್ನೊಂದು ಹೊರಗೆ ಹೋಗಲು.

ಸೈಕಲ್ ಚೈನನ್ನು ತೋರಿಸಿದೆ. ಪೆಡಲ್ ತುಳಿದ ಕೂಡಲೇ ಹಿಂದಿನ ಚಕ್ರ ತಿರುಗುತ್ತದೆ. ಚೈನಿನ ಮುಂದಿನ ಕೊಂಡಿ ಓಡಿಹೋಗಿ ಚಕ್ರವನ್ನು ಮುಟ್ಟಿದ್ದರಿಂದಲ್ಲ, ಇಡೀ ಚೈನು ಒಟ್ಟಿಗೆ ಸರಿದದ್ದರಿಂದ. ತಾಮ್ರದ ತಂತಿಯೊಳಗೂ ಎಲೆಕ್ಟ್ರಾನುಗಳು ಮೊದಲೇ ತುಂಬಿರುತ್ತವೆ. ಅವು ಸರಿಯುವ ವೇಗ ಬಸವನಹುಳುವಿಗಿಂತ ಕಡಿಮೆ. ಆದರೆ ಎಲ್ಲೆಡೆ ಒಟ್ಟಿಗೆ ಸರಿಯುವುದರಿಂದ ಸ್ವಿಚ್ಚು ಒತ್ತಿದ ಕ್ಷಣ ದೀಪ ಹತ್ತುತ್ತದೆ. ಚೈನು ಒಂದು ಕಡೆ ಕಡಿದರೆ ಎಲ್ಲ ಕಡೆಯೂ ನಿಂತಿತು. ‘ಹಂಗಾದ್ರೆ ಕರೆಂಟು ಎಲ್ಲಿಗೂ ಹೋಗಲ್ಲ, ನಿಲ್ಲುತ್ತೆ ಅಷ್ಟೇ’ ಎಂದಳು ಬಲ್ಬು ಹತ್ತಿಸಿದವಳು.

ಮುಂದಿನ ವಾರ ಹುಣಸೆಹಣ್ಣು ತರಿಸಿದೆ. ಹುಣಸಮಾರನಹಳ್ಳಿಯಲ್ಲಿ ನಿಂಬೆಯ ಬ್ಯಾಟರಿ ಮಾಡಿದರೆ ಊರಿನ ಹೆಸರಿಗೇ ಅವಮಾನ. ಕಿವುಚಿದ ಹುಳಿಯನ್ನು ನಾಲ್ಕು ಲೋಟಕ್ಕೆ ಸುರಿದು, ಒಂದೊಂದರಲ್ಲೂ ಒಂದು ತಾಮ್ರದ ತಂತಿ, ಒಂದು ಸತುವಿನ ಲೇಪದ ಮೊಳೆ ಇಳಿಸಿ, ಈ ಲೋಟದ ತಾಮ್ರವನ್ನು ಆ ಲೋಟದ ಮೊಳೆಗೆ ಸಾಲಾಗಿ ಜೋಡಿಸಿದೆವು. ಲೋಟಕ್ಕೆ ಮುಕ್ಕಾಲರಿಂದ ಒಂದು ವೋಲ್ಟು. ಟಾರ್ಚಿನ ಬಲ್ಬು ಜಪ್ಪಯ್ಯ ಎನ್ನಲಿಲ್ಲ, ಅದು ಕೇಳುವಷ್ಟು ಪ್ರವಾಹ ಹುಳಿಯಲ್ಲಿಲ್ಲ. ಕೆಂಪು ಎಲ್‌ಇಡಿ ಮಾತ್ರ ಮಂದವಾಗಿ ಮಿನುಗಿತು. 1800ರಲ್ಲಿ ಇಟಲಿಯ ವೋಲ್ಟಾ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಮಾಡಿದ್ದೂ ಇದೇ ಕೆಲಸ ಎಂದೆ.

ಮನೆಯ ಕರೆಂಟು ಯಾವ ಲೋಟದಿಂದ ಬರುತ್ತದೆ ಎಂಬ ಪ್ರಶ್ನೆ ಬಂತು. ಶಿವನಸಮುದ್ರದ ಕತೆ ಹೇಳಿದೆ. 1902ರಲ್ಲಿ ಕಾವೇರಿಯ ನೀರು ಅಲ್ಲಿ ಯಂತ್ರ ತಿರುಗಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಲಿ ಎಂಬುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದು. ಆ ಕಟ್ಟೆಯ ವಿಶ್ವೇಶ್ವರಯ್ಯನವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ನಮ್ಮೂರಿನಲ್ಲೇ ಇದೆ. ಮಕ್ಕಳು ದಿನಾ ಅದರ ಮುಂದೆ ಓಡಾಡುತ್ತಾರೆ.

ಯಾದಗಿರಿ ಕಡೆಯ ಒಬ್ಬ ಹುಡುಗ ಮಾತ್ರ ಇದರಲ್ಲೆಲ್ಲ ಕೈ ಹಾಕಿರಲಿಲ್ಲ. ಶೆಲ್ಲನ್ನೂ ಮುಟ್ಟದೆ, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಕೂರುತ್ತಿದ್ದ. ಅವತ್ತು ಕೇಳಿದ: ‘ಹಂಗಾದ್ರ ಕರೆಂಟು ನಮ್ಮಪ್ಪಗ ಯಾಕ್ ಹಿಡ್ಕೊಂತ್ರಿ?’

ಅವನಪ್ಪ ಟೈಲ್ಸ್ ಕೊಯ್ಯುವ ಕೆಲಸದವನು. ಒಂದು ಸೈಟಿನಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕೂತು ಯಂತ್ರ ಹಿಡಿದಿದ್ದ. ಯಂತ್ರದ ತಂತಿಗೆ ಪ್ಲಗ್ ಇರಲಿಲ್ಲ. ಎರಡು ತುದಿ ಸುಲಿದು ಸಾಕೆಟ್ಟಿನೊಳಗೆ ತುರುಕಿ, ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡಿದ್ದರು. ಪಕ್ಕದವನು ಮರದ ಹಲಗೆಯಿಂದ ತಂತಿಯನ್ನು ಕೀಳದಿದ್ದರೆ ಮನುಷ್ಯ ಉಳಿಯುತ್ತಿರಲಿಲ್ಲ. ಬಲಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

ನಾನು ನಿಧಾನವಾಗಿ ಹೇಳಿದೆ. ಅದು ಯಾರನ್ನೂ ಹಿಡಿಯುವುದಿಲ್ಲ. ಸುತ್ತು ಮುಗಿಸಿ ಮರಳಲು ದಾರಿ ಸಿಕ್ಕ ಕಡೆಯೆಲ್ಲ ಹರಿಯುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರಿನ ಹತ್ತಿರ ನ್ಯೂಟ್ರಲ್ ತಂತಿಯನ್ನು ನೆಲಕ್ಕೆ ಜೋಡಿಸಿರುತ್ತಾರೆ. ಹಾಗಾಗಿ ನಾವು ನಿಂತ ಮಣ್ಣೂ ಮರಳುವ ದಾರಿಯೇ. ತಂತಿಯ ಮೇಲಿನ ಕಾಗೆ ಎರಡೂ ಕಾಲನ್ನು ಒಂದೇ ತಂತಿಯ ಮೇಲೆ ಇಟ್ಟಿದೆ. ಅದರ ಮೂಲಕ ಸುತ್ತು ಮುಗಿಯುವುದಿಲ್ಲ. ನಿಮ್ಮಪ್ಪನ ಕೈ ಒಂದು ತುದಿ, ಒದ್ದೆ ನೆಲದ ಮೇಲಿನ ಕಾಲು ಇನ್ನೊಂದು ತುದಿ. ಮಂಡಲ ಅವರ ಮೈಯೊಳಗೆ ಮುಗಿಯಿತು. ಶೆಲ್ಲಿನದು ಒಂದೂವರೆ ವೋಲ್ಟು, ಗೋಡೆಯದು 230. ಅದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯು ಬಿಗಿದುಕೊಳ್ಳುತ್ತದೆ, ಬೆರಳು ಬಿಚ್ಚಲು ಆಗುವುದಿಲ್ಲ. ಕರೆಂಟು ಹಿಡಿದದ್ದಲ್ಲ, ಕೈಯೇ ಹಿಡಿದುಕೊಂಡದ್ದು.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ್ದು ಇನ್ನೂ ದೊಡ್ಡ ಪ್ರಶ್ನೆ: ‘ತಡೀಲಿಕ್ಕೆ ಬರ್ತಿತ್ತೇನ್ರಿ?’

ಬರುತ್ತಿತ್ತು. ಎಲ್ಲರನ್ನೂ ನನ್ನ ಮನೆಯ ಮೀಟರ್ ಹಲಗೆಯ ಮುಂದೆ ನಿಲ್ಲಿಸಿದೆ. ಮೂರು ಪಿನ್ನಿನ ಪ್ಲಗ್ಗಿನ ಉದ್ದ ಪಿನ್ನು, ಯಂತ್ರದ ಲೋಹದ ಮೈಗೆ ಸೋರಿದ ಕರೆಂಟಿಗೆ ಮನುಷ್ಯನಿಗಿಂತ ಸುಲಭದ ದಾರಿಯನ್ನು ನೆಲಕ್ಕೆ ಕೊಡುತ್ತದೆ. ಅದರ ಜೊತೆಗೆ ಆರ್‌ಸಿಸಿಬಿ ಎಂಬ ಸ್ವಿಚ್ಚು. ಅದರ ಕೆಲಸ ಲೆಕ್ಕ ನೋಡುವುದು: ಒಂದು ತಂತಿಯಲ್ಲಿ ಹೋದದ್ದು ಇನ್ನೊಂದರಲ್ಲಿ ಅಷ್ಟೇ ಮರಳಿತೇ? 30 ಮಿಲಿಆಂಪಿಯರ್ ಕಡಿಮೆ ಬಂದರೂ, ಎಲ್ಲೋ ಅಡ್ಡದಾರಿಯಲ್ಲಿ ಹರಿಯುತ್ತಿದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಹುಡುಗ ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ನೋಡುತ್ತ ನಿಂತ. ಒತ್ತು ಎಂದೆ. ಒತ್ತಿದ. ಟಪ್ ಎಂದು ಮನೆಯೆಲ್ಲ ಆರಿತು. ಅವನು ವಿದ್ಯುತ್ತಿನ ವಸ್ತುವೊಂದನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಗನನ್ನು ಕರೆದೊಯ್ಯಲು ಬಂದ ಅಪ್ಪ ಗೇಟಿನ ಬಳಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆ ಸ್ವಿಚ್ಚಿಗೆ ಎಷ್ಟು ಎಂದು ಕೇಳಿದ. ಹೇಳಿದೆ. ಎಡಗೈಯ ಬೆರಳಲ್ಲಿ ಎಣಿಸಿ ಅಂದ: ‘ಬರೇ ಮೂರು ದಿನದ ಕೂಲಿ ಅಲ್ರೀ!’

ಬಲ್ಬನ್ನು ಗೆರೆ ಎಳೆದು ಸೇರಿಸಿದರೆ ಪರೀಕ್ಷೆಯಲ್ಲಿ ಎರಡು ಅಂಕ. ಸಿಗಲಿ. ಆದರೆ ನಮ್ಮ ಗೋಡೆಗಳೊಳಗೆ ತಂತಿ ಎಳೆಯುವವರ ಮಕ್ಕಳಿಗೆ ಈ ಪಾಠ ಅಂಕಕ್ಕಷ್ಟೇ ಅಲ್ಲ. ಭಯ ಕೈಯನ್ನು ತೊಡೆಯ ಕೆಳಗೆ ಇಡಿಸುತ್ತದೆ. ತಿಳಿವಳಿಕೆ ಪ್ಲಗ್ಗಿನ ಮೂರನೆಯ ಪಿನ್ನು ಎಲ್ಲಿ ಎಂದು ಕೇಳಿಸುತ್ತದೆ.

ನನ್ನ ಮನೆಯ ಹಿಂದೆ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಯಿದೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಆ ದಾರಿ ಬಿಗಿಯಾಗುತ್ತದೆ, ಆಗಾಗ ನೀರು ಹಾಕಬೇಕು. ಆ ಕೆಲಸವನ್ನು ಹುಡುಗ ತಾನಾಗಿಯೇ ವಹಿಸಿಕೊಂಡಿದ್ದಾನೆ. ಭಾನುವಾರ ಬಂದವನೇ ಚಪ್ಪಲಿ ಬಿಡುವ ಮೊದಲು ಒಂದು ಬಕೆಟ್ ನೀರು ಸುರಿದು, ಅದು ಪೂರ್ತಿ ಇಂಗುವ ತನಕ ಅಲ್ಲೇ ನಿಂತಿರುತ್ತಾನೆ.